ಕಾರಿನ ಆಕ್ಸಲ್ ರಿಪೇರಿ: ಅಧಿಕೃತ ಸರ್ವೀಸ್, ಊರಿನ ಗ್ಯಾರೇಜ್, ಮಂಗಳೂರಿನ ಗುಜರಿ

ಆಕ್ಸಲ್ ಹೋಗಿದೆ ಎಂದು ಮೆಕ್ಯಾನಿಕ್ ಹೇಳಿದರೆ ಅದರ ಯಾವ ಭಾಗ ಹೋಗಿದೆ ಎಂದು ಮೊದಲು ಕೇಳಬೇಕು. ಅದರ ಮೇಲೆ ಖರ್ಚು ಮೂರೂವರೆ ಸಾವಿರಕ್ಕೆ ನಿಲ್ಲಲೂಬಹುದು, ಹದಿನೈದು ಸಾವಿರಕ್ಕೆ ಏರಲೂಬಹುದು. ಬದಿಯಡ್ಕದ ನಮ್ಮ ಮನೆಯಲ್ಲಿ ಒಂದೇ ಮಾಡೆಲಿನ ಎರಡು ಸಣ್ಣ ಕಾರುಗಳಿವೆ, ಒಂದು ನನ್ನದು, ಇನ್ನೊಂದು ತಮ್ಮನದು. ಅವೆರಡರ ದೆಸೆಯಿಂದ ಆಕ್ಸಲ್ ರಿಪೇರಿಗೆ ಇರುವ ಮೂರು ದಾರಿಗಳನ್ನೂ ಹಣ ಕೊಟ್ಟೇ ನೋಡಿದ್ದಾಗಿದೆ.

ಮುಂಚಕ್ರಗಳಿಂದ ಓಡುವ ಕಾರಿನಲ್ಲಿ ಗೇರ್‌ಬಾಕ್ಸ್‌ನಿಂದ ಚಕ್ರಗಳನ್ನು ತಿರುಗಿಸಲು ಎಡಕ್ಕೊಂದು, ಬಲಕ್ಕೊಂದು ಆಕ್ಸಲ್ ಇರುತ್ತದೆ. ಪ್ರತಿಯೊಂದರ ಎರಡೂ ತುದಿಗಳಲ್ಲಿ ಜಾಯಿಂಟ್ ಇದ್ದು, ಚಕ್ರದ ಕಡೆಯದು ಸ್ಟಿಯರಿಂಗ್ ತಿರುಗಿಸಿದಂತೆ ಬಾಗುತ್ತದೆ, ಗೇರ್‌ಬಾಕ್ಸ್ ಕಡೆಯದು ಚಕ್ರ ಏರಿಳಿದಂತೆ ಒಳಹೊರಗೆ ಜಾರುತ್ತದೆ. ಎರಡಕ್ಕೂ ಗ್ರೀಸ್ ತುಂಬಿದ ರಬ್ಬರಿನ ಬೂಟ್ ಹೊದಿಸಿರುತ್ತಾರೆ. ಈ ಬೂಟ್ ಹರಿದರೆ ಆಕ್ಸಲ್ ತಿರುಗುವ ರಭಸಕ್ಕೆ ಗ್ರೀಸ್ ಹೊರಗೆ ಚಿಮ್ಮಿ, ಆ ಜಾಗಕ್ಕೆ ನೀರೂ ಮಣ್ಣೂ ಸೇರುತ್ತವೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ, ತೋಟಕ್ಕಿಳಿಯುವ ದಾರಿಗಳೆಲ್ಲ ಮುರಕಲ್ಲಿನ ಕೆಸರಾಗುವ ಕಾಸರಗೋಡು ಜಿಲ್ಲೆಯಲ್ಲಿ ಅಂಥ ಜಾಯಿಂಟ್ ಹೆಚ್ಚು ದಿನ ಬಾಳುವುದಿಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಕಾರು ಹೊರಡಿಸುವಾಗ ಟಕ್ ಟಕ್ ಎಂದರೆ ಸಾಮಾನ್ಯವಾಗಿ ಹೊರಗಿನ ಜಾಯಿಂಟ್ ಸವೆದಿದೆ. ನೇರ ರಸ್ತೆಯಲ್ಲಿ, ಅದರಲ್ಲೂ ಏರು ಹತ್ತುವಾಗ, ಆಕ್ಸಿಲರೇಟರ್ ಒತ್ತಿದೊಡನೆ ಕಾರು ನಡುಗಿದರೆ ಒಳಗಿನದನ್ನು ಸಂಶಯಿಸಬೇಕು.

ನನ್ನ ಕಾರಿನ ಬಲಗಡೆಯ ಆಕ್ಸಲನ್ನು ಅಧಿಕೃತ ಸರ್ವೀಸ್ ಸೆಂಟರಿನಲ್ಲಿ ಹಾಕಿಸಿದೆ. ಬಿಡಿ ಜಾಯಿಂಟ್ ಹಾಕುವ ಕ್ರಮ ತಮ್ಮಲ್ಲಿಲ್ಲ, ಇಡೀ ಆಕ್ಸಲನ್ನೇ ಬದಲಾಯಿಸಬೇಕು ಎಂದರು. ಆಕ್ಸಲ್, ಆಯಿಲ್ ಸೀಲ್, ಗೇರ್ ಆಯಿಲ್, ಆಕ್ಸಲನ್ನು ಚಕ್ರದ ಹಬ್ಬಿಗೆ ಬಿಗಿಯುವ ಹಬ್ ನಟ್, ಲೇಬರ್, ಇವುಗಳ ಮೇಲೆ ತೆರಿಗೆ ಎಲ್ಲ ಸೇರಿ ಬಿಲ್ಲು ಹದಿನೈದು ಸಾವಿರದ ಹತ್ತಿರ ಬಂತು. ಆಗ ಬಿಡಿಭಾಗಕ್ಕೆ ಜಿಎಸ್‌ಟಿ ಶೇಕಡಾ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 18ಕ್ಕೆ ಇಳಿದಿರುವುದರಿಂದ ಈಗ ಅಷ್ಟರಮಟ್ಟಿಗೆ ಹಗುರ. ಕೆಲಸದಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ. ಆದರೆ ಬಿಚ್ಚಿದ ಹಳೆಯ ಆಕ್ಸಲನ್ನು ಕೇಳಿ ಪಡೆದು ನೋಡಿದರೆ ಅದರ ಒಳಗಿನ ಜಾಯಿಂಟಿಗೆ ಏನೂ ಆಗಿರಲಿಲ್ಲ. ಬಿಲ್ಲಿನ ದೊಡ್ಡ ಪಾಲು ಹೋದದ್ದು ಚೆನ್ನಾಗಿದ್ದ ಭಾಗಗಳನ್ನೂ ಬದಲಾಯಿಸುವುದಕ್ಕೆ.

ಅದೇ ಕಾರಿನ ಎಡಗಡೆ ಸದ್ದು ಮಾಡಿದಾಗ ಊರಿನ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಆಕ್ಸಲನ್ನು ಬಿಚ್ಚಿ ವೈಸ್‌ಗೆ ಕಚ್ಚಿಸಿ, ಹೊರಗಿನ ಜಾಯಿಂಟನ್ನು ಡೀಸೆಲಿನಲ್ಲಿ ತೊಳೆದು, ಆರು ಉಕ್ಕಿನ ಗುಂಡುಗಳನ್ನು ಒಂದೊಂದಾಗಿ ಹೊರತೆಗೆದು ತೋರಿಸಿದರು. ಗುಂಡುಗಳು ಉರುಳುವ ಜಾಡಿನಲ್ಲಿ ಉಗುರು ಎಳೆದರೆ ತಡೆಯುವಷ್ಟು ಸಣ್ಣ ಸಣ್ಣ ಗುಳಿಗಳು ಬಿದ್ದಿದ್ದವು. ಇಷ್ಟಾದ ಮೇಲೆ ಹೊಸ ಗ್ರೀಸ್ ತುಂಬಿ ಪ್ರಯೋಜನವಿಲ್ಲ. ಒಳಗಿನ ಜಾಯಿಂಟಿನ ಮೂರು ರೋಲರುಗಳು ನುಣ್ಣಗೆ ತಿರುಗುತ್ತಿದ್ದುದರಿಂದ ಅಲ್ಲಿಗೆ ಬೂಟ್ ಮತ್ತು ಗ್ರೀಸ್ ಮಾತ್ರ ಸಾಕಾಯಿತು. ಹೊಸ ಜಾಯಿಂಟನ್ನು ಡಬ್ಬಿಯಿಂದ ತೆಗೆದವರು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಹಳೆಯದರ ಮತ್ತು ಹೊಸದರ ಸ್ಪ್ಲೈನುಗಳನ್ನು, ಅಂದರೆ ಕಚ್ಚಿಕೊಳ್ಳುವ ಹಲ್ಲುಗಳನ್ನು, ಎಣಿಸಿ, ಬ್ರೇಕಿನ ಎಬಿಎಸ್ ವ್ಯವಸ್ಥೆಗೆ ಚಕ್ರದ ವೇಗ ತಿಳಿಸಲು ಬೇಕಾದ ರಿಂಗ್ ಇರುವುದನ್ನೂ ನೋಡಿ ಆಮೇಲೆಯೇ ಜೋಡಿಸಿದರು. ಎಲ್ಲ ಸೇರಿ ಸರ್ವೀಸ್ ಸೆಂಟರಿನ ಬಿಲ್ಲಿನ ಕಾಲು ಭಾಗವೂ ಆಗಲಿಲ್ಲ. ಕೊರತೆ ಕಂಡದ್ದು ಬೂಟ್ ಬಿಗಿಯುವ ಕ್ಲಿಪ್ಪಿನಲ್ಲಿ: ಕೆಲವು ವಾರಗಳಲ್ಲಿ ಬೂಟಿನ ಸಣ್ಣ ಬಾಯಿಯ ಬಳಿ ಗ್ರೀಸ್ ಜಿನುಗಿತು, ಅವರು ಬೇರೆ ಕ್ಲಿಪ್ ಹಾಕಿ ಬಿಗಿದರು, ದುಡ್ಡು ಕೇಳಲಿಲ್ಲ. ಎರಡು ಮಳೆಗಾಲ ಕಳೆದರೂ ಆ ಕಡೆಯಿಂದ ಮತ್ತೆ ಸದ್ದಿಲ್ಲ.

ನನ್ನ ತಮ್ಮ ಟಕ್ ಟಕ್ ಎನ್ನುತ್ತಿದ್ದ ತನ್ನ ಕಾರಿಗೆ ಮಂಗಳೂರಿನ ಗುಜರಿಯಿಂದ ಹಳೆಯ ಆಕ್ಸಲ್ ತಂದ. ಬೆಲೆ ಹೊಸ ಜಾಯಿಂಟಿನಷ್ಟೇ. ಅದೇ ದುಡ್ಡಿಗೆ ಇಡೀ ಆಕ್ಸಲ್ ಸಿಗುತ್ತದಲ್ಲ ಎಂಬುದು ಅವನ ಲೆಕ್ಕ. ಎಡಬಲದ ಆಕ್ಸಲುಗಳ ಉದ್ದ ಬೇರೆ ಬೇರೆಯಾದ್ದರಿಂದ ಅಳತೆ ನೋಡಿಯೇ ತಂದಿದ್ದ, ಕೂಡಿಸುವಾಗ ತೊಂದರೆಯಾಗಲಿಲ್ಲ, ಟಕ್ ಟಕ್ ಸದ್ದೂ ನಿಂತಿತು. ಮಳೆ ಹಿಡಿಯುವ ಹೊತ್ತಿಗೆ ಕುಂಬಳೆಯಿಂದ ಸೀತಾಂಗೋಳಿಗೆ ಏರುವಾಗ ಕಾರು ನಡುಗತೊಡಗಿತು. ಗುಜರಿಯವರು “ತೊಂದರೆಯಾದರೆ ತನ್ನಿ, ಬೇರೆ ಕೊಡುವ” ಎಂದಿದ್ದರು, ಕೊಟ್ಟರು ಸಹ. ಆದರೆ ತಲಪಾಡಿಯ ರಾಜ್ಯದ ಗಡಿ ದಾಟಿ ಹೋಗಿಬರುವ ಖರ್ಚು, ಬಿಚ್ಚಿ ಜೋಡಿಸುವ ಎರಡನೆಯ ಲೇಬರ್, ಮತ್ತೊಮ್ಮೆ ಗೇರ್ ಆಯಿಲ್ ಇವುಗಳನ್ನು ಕೊಡುವವರಿಲ್ಲ. ಗಿರಾಕಿಯೇ ತಂದ ಸಾಮಾನಿಗೆ ತಾನು ಜವಾಬ್ದಾರನಲ್ಲ ಎಂದು ಗ್ಯಾರೇಜಿನವರು ಮೊದಲೇ ಹೇಳಿದ್ದರು, ಅದು ನ್ಯಾಯವೂ ಹೌದು. ಹಳೆಯ ಆಕ್ಸಲಿನ ಬೂಟ್ ಬಿಚ್ಚದೆ ಒಳಗಿನ ಸ್ಥಿತಿ ತಿಳಿಯುವುದಿಲ್ಲ, ಗುಜರಿಯಲ್ಲಿ ಬಿಚ್ಚಲು ಬಿಡುವುದೂ ಇಲ್ಲ.

ಇನ್ಶೂರೆನ್ಸಿನ ಕಡೆ ನೋಡಿ ಲಾಭವಿಲ್ಲ, ಸವೆತದಿಂದಾದ ಹಾನಿ ಸಾಮಾನ್ಯ ಪಾಲಿಸಿಗೆ ಒಳಪಡುವುದಿಲ್ಲ.

ಹೊರಗಿನ ಜಾಯಿಂಟ್ ಮಾತ್ರ ಹೋಗಿದ್ದರೆ ನಾನು ಊರಿನ ಗ್ಯಾರೇಜಿಗೇ ಹೋಗುತ್ತೇನೆ, ಆದರೆ ಜಾಯಿಂಟನ್ನು ಬಿಚ್ಚಿ ತೋರಿಸುವವರ ಬಳಿಗೆ ಮಾತ್ರ. ಎರಡೂ ಜಾಯಿಂಟ್ ಸವೆದಿದ್ದರೆ, ಅಥವಾ ಕಾರು ಇನ್ನೂ ವಾರಂಟಿಯಲ್ಲಿದ್ದರೆ, ಸರ್ವೀಸ್ ಸೆಂಟರಿನ ಹೊಸ ಆಕ್ಸಲ್ ದುಬಾರಿಯಾದರೂ ಸರಿಯಾದ ಆಯ್ಕೆ. ಗುಜರಿಯ ಆಕ್ಸಲನ್ನು ಇನ್ನು ಒಂದು ವರ್ಷವೂ ಇಟ್ಟುಕೊಳ್ಳದ ಕಾರಿಗೆ ಬೇಕಾದರೆ ಹಾಕಿಸಬಹುದು. ಎಲ್ಲಿಯೇ ಮಾಡಿಸಿದರೂ ಹಬ್ ನಟ್ ಹೊಸದನ್ನೇ ಹಾಕಿಸಿ, ಬಿಗಿತವನ್ನು ಅಳೆದು ತಿರುಗಿಸುವ ಟಾರ್ಕ್ ರೆಂಚಿನಲ್ಲೇ ಬಿಗಿಸಿಕೊಳ್ಳಬೇಕು. ಆ ನಟ್ಟಿನ ಬೆಲೆ ಕಡಿಮೆ, ಆದರೆ ಅದು ಸಡಿಲಾದರೆ ಮುಂದಿನ ಬಿಲ್ಲಿನಲ್ಲಿ ವ್ಹೀಲ್ ಬೇರಿಂಗೂ ಸೇರಿಕೊಳ್ಳುತ್ತದೆ.