ಡ್ರೈವರ್ ಬರೆಯುವವರಿಗೆ 8 ಜಿಬಿಯ ರಾಸ್ಪ್‌ಬೆರಿ ಪೈ 4 ಹೇಗಿದೆ?

ಲಿನಕ್ಸ್ ಕರ್ನಲ್ ಡ್ರೈವರ್ ಕಲಿಯಬೇಕು ಅನ್ನುವವರಿಗೆ ನನ್ನ ಮೊದಲ ಶಿಫಾರಸು 8 ಜಿಬಿಯ ರಾಸ್ಪ್‌ಬೆರಿ ಪೈ 4. 2020ರ ಮೇನಲ್ಲಿ ಬಂದ ಬೋರ್ಡ್ ಇದು. ಇದಕ್ಕಿಂತ ವೇಗದ ಬೋರ್ಡುಗಳು ಈಗ ಬಂದಿವೆ. ಆದರೂ ಡಿಎಂಎ (ಸಿಪಿಯುವಿನ ನೆರವಿಲ್ಲದೆ ಸಾಧನಗಳೇ ನೇರವಾಗಿ ರ‍್ಯಾಮ್ ಓದಿ ಬರೆಯುವ ವಿಧಾನ) ಕೋಡಿನ ತಪ್ಪುಗಳನ್ನು ಇದರಷ್ಟು ಚೆನ್ನಾಗಿ ಬಯಲಿಗೆ ತರುವ ಅಗ್ಗದ ಬೋರ್ಡ್ ನನಗೆ ಗೊತ್ತಿಲ್ಲ. ರ‍್ಯಾಮ್ ಎಲ್ಲ ಸಾಧನಗಳಿಗೂ ಪೂರ್ತಿ ಎಟುಕದಿರುವುದೇ ಇದಕ್ಕೆ ಕಾರಣ.

ಬೋರ್ಡಿನ ಚಿಪ್ ಬ್ರಾಡ್‌ಕಾಮ್‌ನ ಬಿಸಿಎಂ2711. ಯುಎಸ್‌ಬಿ 3 ನಿಯಂತ್ರಕ ವಿಎಲ್805 ಕೂತಿರುವುದು ಪಿಸಿಐ ಎಕ್ಸ್‌ಪ್ರೆಸ್ (ಮುಂದೆ ಬರೀ ಪಿಸಿಐ) ಎಂಬ ಸಂಪರ್ಕದ ಒಂದೇ ಲೇನಿನ ಆಚೆ. ಚಿಪ್ಪಿನ ಬಿ0 ಆವೃತ್ತಿಯಲ್ಲಿ ಒಂದು ದೋಷವಿದೆ: ಪಿಸಿಐ ಕಡೆಯಿಂದ ಬರುವ ಡಿಎಂಎ ಮೊದಲ 3 ಜಿಬಿ ದಾಟಲಾರದು. ಹಳೆಯ ಪೆರಿಫೆರಲ್‌ಗಳ ಪಾಡು ಇನ್ನೂ ಇಕ್ಕಟ್ಟು. ಅವುಗಳಿಗೆ ಕಾಣುವುದು ಮೊದಲ 1 ಜಿಬಿ ಮಾತ್ರ, ಅದೂ ಅವುಗಳ ಬಸ್ಸಿನಲ್ಲಿ 3 ಜಿಬಿಯ ವಿಳಾಸದಿಂದ ಶುರುವಾಗುತ್ತದೆ. ಅಂದರೆ ಸಿಪಿಯುಗೆ ಸೊನ್ನೆಯಾದ ವಿಳಾಸ ಅವುಗಳ ಬಸ್ಸಿನಲ್ಲಿ ಸೊನ್ನೆಯಲ್ಲ.

ಈ ಮಿತಿಗಳನ್ನೆಲ್ಲ ಬೋರ್ಡಿನ ಯಂತ್ರಾಂಶವನ್ನು ಕರ್ನಲ್‌ಗೆ ತಿಳಿಸುವ ಡಿವೈಸ್ ಟ್ರೀ ಕಡತದ ಡಿಎಂಎ-ರೇಂಜಸ್ ಸಾಲುಗಳಲ್ಲಿ ಸರಿಯಾಗಿ ಬರೆದಿಟ್ಟಿದ್ದಾರೆ. ನಿಮ್ಮ ಡ್ರೈವರ್ 64 ಬಿಟ್ ಮಾಸ್ಕ್ (ಸಾಧನಕ್ಕೆ ಎಟುಕುವ ವಿಳಾಸಗಳ ಮಿತಿ) ಕೇಳಿದರೂ ಕರ್ನಲ್ ಬಸ್ಸಿನ ಮಿತಿಯನ್ನೇ ಪಾಲಿಸುತ್ತದೆ. 3 ಜಿಬಿಯ ಮೇಲಿನ ಬಫರನ್ನು ಅದನ್ನು ಸಾಧನಕ್ಕೆ ಸಿದ್ಧಪಡಿಸುವ (ಮ್ಯಾಪ್ ಮಾಡುವ) ‘ಡಿಎಂಎ_ಮ್ಯಾಪ್_ಸಿಂಗಲ್’ಗೆ ಕೊಟ್ಟರೆ ಕರ್ನಲ್ ಸ್ವಿಯೊಟಿಎಲ್‌ಬಿ ಎಂಬ, ಕೆಳಗಿನ ವಿಳಾಸದಲ್ಲಿರುವ ತಾತ್ಕಾಲಿಕ ಬಫರಿಗೆ ಪ್ರತಿ ಮಾಡಿ, ಅದರ ವಿಳಾಸವನ್ನು ಸಾಧನಕ್ಕೆ ಕೊಡುತ್ತದೆ. ಎಡವುವುದು ‘ವರ್ಟ್_ಟು_ಫಿಸ್’ನಿಂದ ಸಿಕ್ಕ, ಸಿಪಿಯು ಕಡೆಯ ಭೌತಿಕ ವಿಳಾಸವನ್ನೇ ಸಾಧನದ ರಿಜಿಸ್ಟರಿಗೆ ತುಂಬುವ ಡ್ರೈವರುಗಳು. ಅಂಥ ಪಿಸಿಐ ಡ್ರೈವರ್ 2 ಜಿಬಿ ಬೋರ್ಡಿನಲ್ಲಿ ವರ್ಷಗಟ್ಟಲೆ ಓಡೀತು. 8 ಜಿಬಿಯಲ್ಲಿ ಮೇಲಿನ ಪುಟವೊಂದು ಕೈಗೆ ಬಂದ ದಿನ ಡೇಟಾ ಕೆಡುತ್ತದೆ.

ಸಿಂಕ್ ಕರೆ ಮರೆತವರೂ ಇಲ್ಲಿ ಸಿಕ್ಕಿಬೀಳುತ್ತಾರೆ. ಮ್ಯಾಪ್ ಮಾಡಿದ ಮೇಲೆ ಬಫರಿಗೆ ಬರೆದು ‘ಡಿಎಂಎ_ಸಿಂಕ್_ಸಿಂಗಲ್_ಫಾರ್_ಡಿವೈಸ್’ ಕರೆಯದಿದ್ದರೆ, ತಾತ್ಕಾಲಿಕ ಬಫರಿನಲ್ಲಿ ಹಳೆಯದೇ ಉಳಿಯುತ್ತದೆ. ಸಾಧನ ಎಷ್ಟು ಹೊತ್ತು ಕಾದರೂ ಹೊಸ ಡೇಟಾ ಅದಕ್ಕೆ ತಲುಪದು. ಮೇಲಾಗಿ ಇಲ್ಲಿನ ಪಿಸಿಐ ಸಿಪಿಯು ಕ್ಯಾಶ್ (ರ‍್ಯಾಮಿನ ಡೇಟಾದ ಪ್ರತಿ ಇಡುವ ವೇಗದ ಮೆಮೊರಿ) ಜೊತೆ ಹೊಂದಿಕೊಂಡು ನಡೆಯುವುದಿಲ್ಲ. ಆದ್ದರಿಂದ ತಾತ್ಕಾಲಿಕ ಬಫರ್ ಇಲ್ಲದ ಕಡೆಯೂ ಸಿಂಕ್ ಬೇಕೇ ಬೇಕು. ಕ್ಯಾಶ್ ಸಾಲು 64 ಬೈಟಿನದು. ಡಿಎಂಎ ಬಫರನ್ನು ಸ್ಟ್ರಕ್ಟಿನ ನಡುವೆ ತುರುಕಿದರೆ, ಆ ಸಾಲು ಇನ್‌ವ್ಯಾಲಿಡೇಟ್ ಆಗುವಾಗ (ಕ್ಯಾಶಿನ ಪ್ರತಿಯನ್ನು ಬಿಸಾಡುವಾಗ) ಅಕ್ಕಪಕ್ಕದ ಸದಸ್ಯಗಳ ಹೊಸ ಬೆಲೆಯೂ ಕೊಚ್ಚಿಹೋಗಬಹುದು. ಬಫರನ್ನು ‘ಕೆಮ್ಯಾಲಕ್’ನಿಂದ ಬೇರೆಯಾಗಿಯೇ ಪಡೆಯಿರಿ. ಸ್ಟ್ಯಾಕ್ ಮೇಲಂತೂ ಬೇಡವೇ ಬೇಡ.

ಸ್ವಿಯೊಟಿಎಲ್‌ಬಿಯ ಗಾತ್ರ ಸಾಮಾನ್ಯವಾಗಿ 64 ಎಂಬಿ. ಒಂದು ಮ್ಯಾಪಿಂಗ್ 256 ಕೆಬಿ ಮೀರುವಂತಿಲ್ಲ. ದೊಡ್ಡ ಬಫರ್ ಬೇಕಿದ್ದರೆ ಮೊದಲು ‘ಡಿಎಂಎ_ಮ್ಯಾಕ್ಸ್_ಮ್ಯಾಪಿಂಗ್_ಸೈಜ್’ ಕೇಳಿ ತುಂಡು ಮಾಡಿ. ಲಾಗಿನಲ್ಲಿ ಬಫರ್ ತುಂಬಿದೆ ಎಂಬ ಸಂದೇಶ ಬಂದರೆ ಬೂಟ್ ಸಾಲಿನಲ್ಲಿ ಸ್ವಿಯೊಟಿಎಲ್‌ಬಿಗೆ 65536 ಕೊಡಿ. ಒಂದು ತುಂಡು 2 ಕೆಬಿ, ಹಾಗಾಗಿ ಒಟ್ಟು 128 ಎಂಬಿ ಆಗುತ್ತದೆ. ಅನ್‌ಮ್ಯಾಪ್ ಮರೆತು ಸೋರುತ್ತಿದ್ದರೆ ಇದೂ ತುಂಬಿಬಿಡುತ್ತದೆ. ಆದ್ದರಿಂದ ಗಾತ್ರ ಹೆಚ್ಚಿಸುವ ಮೊದಲು ಡಿಎಂಎ ಎಪಿಐ ಡೀಬಗ್ ಆಯ್ಕೆ ಹಾಕಿ ಕರ್ನಲ್ ಕಟ್ಟಿ ನೋಡಿ.

ರಿಜಿಸ್ಟರ್ ಕಡೆಯ ತೊಡಕು ಬೇರೆ ಬಗೆಯದು. ಈ ಪಿಸಿಐ ಮೂಲಕ 64 ಬಿಟ್ ಓದು-ಬರಹವನ್ನು ಒಂದೇ ಏಟಿಗೆ ಮಾಡಬಾರದು. 32 ಬಿಟ್‌ನ ಎರಡು ಭಾಗ ಮಾಡಬೇಕು. ಇದಕ್ಕೆಂದು ಇರುವ ನಾನ್-ಅಟಾಮಿಕ್ ಹೆಡರ್ ಸೇರಿಸಿದರೆ ಸಾಕು ಎಂದುಕೊಂಡವರಿಗೆ ಇಲ್ಲೊಂದು ಬಲೆ ಇದೆ: ಆರ್ಮ್64ರಲ್ಲಿ (ಅಂದರೆ ಈ ಚಿಪ್ಪಿನ 64 ಬಿಟ್ ಕರ್ನಲ್‌ನಲ್ಲಿ) 64 ಬಿಟ್ ಒಮ್ಮೆಗೇ ಓದುವ ‘ರೀಡ್‌ಕ್ಯೂ’ ಮೊದಲೇ ಇರುವುದರಿಂದ ಹೆಡರ್ ಅದನ್ನು ಬದಲಿಸುವುದಿಲ್ಲ. ‘ಲೋ_ಹೈ_ರೀಡ್‌ಕ್ಯೂ’ ಎಂದು ನೀವೇ ಹೆಸರು ಹಿಡಿದು ಕರೆಯಬೇಕು. ‘ಐಒರೀಮ್ಯಾಪ್’ ಮಾಡಿದ, ಅಂದರೆ ಸಾಧನದ ರಿಜಿಸ್ಟರುಗಳಿರುವ ಜಾಗಕ್ಕೆ ಬರಿಯ ‘ಮೆಮ್‌ಕಾಪಿ’ ಬಳಸಿದರೆ ಅಲೈನ್ ಆಗದ ಮೊದಲ ಪ್ರವೇಶಕ್ಕೇ ಕರ್ನಲ್ ಊಪ್ಸ್ (ದೋಷ ವರದಿಯೊಂದಿಗಿನ ಕುಸಿತ) ಗ್ಯಾರಂಟಿ.

ಕೊಳ್ಳುವಾಗ ಚಿಪ್ ಮೇಲಿನ ಅಕ್ಷರ ನೋಡಿ. ಕೊನೆಯಲ್ಲಿ ಬಿ0ಟಿ ಇದ್ದರೆ 3 ಜಿಬಿ ಮಿತಿ ಇದೆ, ಸಿ0ಟಿ ಇದ್ದರೆ ಇಲ್ಲ. ಮನೆಯ ಸರ್ವರಿಗೆ ಸಿ0 ಒಳ್ಳೆಯದು, ಏಕೆಂದರೆ ಪ್ರತಿ ಮಾಡುವ ಖರ್ಚು ಉಳಿಯುತ್ತದೆ. ಡ್ರೈವರ್ ಪರೀಕ್ಷೆಗೆ ನಾನು ಬಿ0 ಅನ್ನೇ ಆರಿಸುತ್ತೇನೆ. ಸಿ0 ಮಾತ್ರ ಸಿಕ್ಕರೆ ಬೂಟ್ ಸಾಲಿನಲ್ಲಿ ಸ್ವಿಯೊಟಿಎಲ್‌ಬಿಗೆ ‘ಫೋರ್ಸ್’ ಎಂದು ಕೊಡಿ. ಆಗ ಪ್ರತಿಯೊಂದು ಸ್ಟ್ರೀಮಿಂಗ್ ಮ್ಯಾಪಿಂಗೂ (‘ಡಿಎಂಎ_ಮ್ಯಾಪ್_ಸಿಂಗಲ್’ ಬಗೆಯದು) ತಾತ್ಕಾಲಿಕ ಬಫರ್ ಹಾದೇ ಹೋಗುತ್ತದೆ, ಮರೆತ ಸಿಂಕ್ ಕರೆಗಳು ಅಲ್ಲಿಯೂ ಹೊರಬೀಳುತ್ತವೆ.