ವಿಜಯಪುರದ ಸೂಪರ್ ಮಾರ್ಕೆಟ್‌ನಲ್ಲಿ ವಿದೇಶಿ ಹಣ್ಣು: ಸೇಬು ತಗೊಳ್ಳಿ, ಕಿವಿ ನೋಡಿ ತಗೊಳ್ಳಿ

ಅಪ್ಪನಿಗೆ ಜ್ವರ ಬಿಟ್ಟ ಮೇಲೆ ಹಣ್ಣು ಬೇಕಿತ್ತು, ಮನೆ ಹತ್ತಿರದ ಸೂಪರ್ ಮಾರ್ಕೆಟ್‌ಗೆ ಹೋದೆ. ವಾಷಿಂಗ್ಟನ್ ಸೇಬು ತುಂಬಾ ಚೆನ್ನಾಗಿತ್ತು. ಫ್ರಿಜ್‌ನಲ್ಲೇ ಇಟ್ಟಿದ್ದರು, ಕಚ್ಚಿದರೆ ಗರಿಗರಿ. ಆದರೆ ನ್ಯೂಜಿಲೆಂಡ್ ಕಿವಿ ಬಾಗಿಲ ಹತ್ತಿರ, ಬಿಸಿಲು ಬೀಳೋ ಕಡೆ, ಬಾಳೆಗೊನೆಗೆ ಅಂಟಿಕೊಂಡೇ ಇತ್ತು. ಮನೆಗೆ ತಂದು ಕೊಯ್ದರೆ ಆರರಲ್ಲಿ ಎರಡು ಮೆತ್ತಗಾಗಿ ಹೆಂಡದ ವಾಸನೆ ಬರುತ್ತಿತ್ತು. ಬಾಳೆಹಣ್ಣು ಬಿಡೋ ಎಥಿಲೀನ್ ಅನ್ನೋ ಅನಿಲಕ್ಕೆ ಕಿವಿ ಬೇಗ ಮಾಗುತ್ತೆ, ಅದು ಅಂಗಡಿಯವರಿಗೆ ಗೊತ್ತಿರಬೇಕಲ್ವಾ? ಸಮುದ್ರದ ಆಚೆಯಿಂದ ವಾರಗಟ್ಟಲೆ ಹಡಗಿನಲ್ಲಿ, ಸೊನ್ನೆ ಡಿಗ್ರಿ ಹತ್ತಿರದ ತಂಪಿನಲ್ಲಿ ಜೋಪಾನವಾಗಿ ಬಂದ ಹಣ್ಣು ನಮ್ಮೂರ ಬಿಸಿಲಿಗೆ ಒಂದೇ ದಿನದಲ್ಲಿ ಹಾಳಾದರೆ ಹೊಟ್ಟೆ ಉರಿಯುತ್ತೆ. ಸ್ಟಿಕ್ಕರ್ ನೋಡಿ ನಂಬಬೇಡಿ, ಅದರ ಮೇಲಿನ 4 ಅಂಕಿ ಯಾವ ಹಣ್ಣು ಅಂತ ಹೇಳುತ್ತೆ, ತಾಜಾ ಇದೆಯಾ ಅಂತಲ್ಲ. ಮೆಲ್ಲಗೆ ಒತ್ತಿ ನೋಡಿ. ದ್ರಾಕ್ಷಿಯಂತೂ ಅಲ್ಲಿ ಬೇಡವೇ ಬೇಡ, ಸೀಸನ್‌ನಲ್ಲಿ ನಮ್ಮ ಪಕ್ಕದ ತಿಕೋಟಾ ಕಡೆಯದೇ ಸಿಗುತ್ತೆ.