ಕವಾಯಿಯ ಕೆಸು, ಬಿಗ್ ಐಲ್ಯಾಂಡಿನ ಬೆಂಕಿ

ಕವಾಯಿಯಲ್ಲಿ ನಾಲ್ಕು ದಿನ, ಬಿಗ್ ಐಲ್ಯಾಂಡಿನಲ್ಲಿ ನಾಲ್ಕು ದಿನ. ತೀರ್ಥಹಳ್ಳಿಯಿಂದ ಕ್ಯಾಲಿಫೋರ್ನಿಯಾದ ನಮ್ಮನೆಗೆ ಬಂದಿದ್ದ ಅಮ್ಮನೂ ಜೊತೆಗಿದ್ದಳು. ಎರಡೂ ಹವಾಯಿಯ ದ್ವೀಪಗಳೇ. ಆದರೆ ನಡುವೆ ದೋಣಿ ಇಲ್ಲ, ವಿಮಾನವೇ ಗತಿ. ರಜೆ ಕಮ್ಮಿ ಇದ್ದವರು ಒಂದನ್ನೇ ಆರಿಸಬೇಕಾಗುತ್ತದೆ. ಅಂಥವರಿಗೆ ಈ ಹೋಲಿಕೆ.

ಹಸಿರು ಬೇಕಿದ್ದರೆ ಕವಾಯಿ ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಅದರ ನಡುವಿನ ವೈಅಲೆಅಲೆ ಬೆಟ್ಟ ಜಗತ್ತಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಆದರೆ ಮಲೆನಾಡಿನವರಿಗೆ ಇದೇನು ಹೊಸದಾ? ಎರಡನೇ ದಿನ ಪೂರ್ತಿ ಮಂಜು, ಜಿಟಿಜಿಟಿ ಮಳೆ, ಕಾಲು ಜಾರುವ ಕೆಂಪು ಮಣ್ಣು. "ಇಷ್ಟು ದುಡ್ಡು ಸುರಿದು ಆಗುಂಬೆ ನೋಡೋಕೆ ಬಂದ್ವಾ?" ಅಂದಳು ಅಮ್ಮ. ವೈಮೇಯಾ ಕಣಿವೆ ಮಾತ್ರ ಚೆನ್ನಾಗಿತ್ತು. ನಾಪಾಲಿ ಎಂಬ ಕರಾವಳಿಯ ಹಾಯೆನಾ ಪಾರ್ಕಿಗೆ ಹೋಗಲಿಕ್ಕೇ ಆಗಲಿಲ್ಲ. ಹೊರಗಿನವರು ಮೊದಲೇ ಬುಕ್ ಮಾಡಬೇಕು, 30 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ನಾನು ಹೋಗಲು ಎರಡು ದಿನ ಬಾಕಿ ಇರುವಾಗ ನೋಡಿದೆ. ತಪ್ಪು ನನ್ನದೇ.

ಕವಾಯಿ ನನ್ನನ್ನು ಹಿಡಿದದ್ದು ಹನಲೇ ಊರಿನಲ್ಲಿ. ರಸ್ತೆ ತಿರುವಿನಿಂದ ಕೆಳಗೆ ನೋಡಿದರೆ ನೀರು ನಿಂತ ಗದ್ದೆಗಳು. ಭತ್ತ ಅಂದುಕೊಂಡೆ. "ಅಯ್ಯೋ, ಕೆಸು ಕಣೋ!" ಅಂದಳು ಅಮ್ಮ. ಹೌದು, ಎಕರೆಗಟ್ಟಲೆ ಕೆಸು. ಇಲ್ಲಿ ಅದಕ್ಕೆ ಕಲೋ ಅನ್ನುತ್ತಾರೆ. ದೋಣಿಯಲ್ಲಿ ಸಾಗರ ದಾಟಿ ಬಂದ ಪಾಲಿನೇಷ್ಯಾದ ಜನ ಕೆಸು, ದೀವಿ ಹಲಸು, ಬಾಳೆ, ಕಬ್ಬು, ಅರಿಶಿನ ಎಲ್ಲವನ್ನೂ ಜೊತೆಗೇ ತಂದರಂತೆ. ನಮ್ಮ ಹಿತ್ತಿಲೇ ಅಲ್ವಾ! ಅವರ ಕಥೆಯಲ್ಲಿ ಹಾಲೋವಾ ಎಂಬ ಮಗು ಸತ್ತೇ ಹುಟ್ಟುತ್ತದೆ. ಅದನ್ನು ಹೂತ ಜಾಗದಲ್ಲಿ ಕೆಸು ಚಿಗುರುತ್ತದೆ. ಆಮೇಲೆ ಹುಟ್ಟಿದ ತಮ್ಮನಿಂದ ಹವಾಯಿ ಜನ. ಹಾಗಾಗಿ ಕೆಸು ಅವರಿಗೆ ಅಣ್ಣ. ಗಡ್ಡೆ ಬೇಯಿಸಿ, ಕುಟ್ಟಿ, ನೀರು ಬೆರೆಸಿದರೆ ಪೋಯಿ. ಎರಡು ದಿನ ಇಟ್ಟರೆ ಹುಳಿ ಬರುತ್ತದೆ. ನನಗೆ ಅಂಟು ಅನ್ನಿಸಿತು. ಅಮ್ಮನಿಗೆ ಇದ್ದದ್ದು ಒಂದೇ ಚಿಂತೆ: "ಹುಣಸೆಹುಳಿ ಹಾಕದೆ ಗಂಟಲು ತುರಿಸಲ್ವಾ?" ತುರಿಸಲಿಲ್ಲ. ತುಂಬಾ ಹೊತ್ತು ಬೇಯಿಸುತ್ತಾರೆ, ಅಷ್ಟೇ.

ಅಂದಹಾಗೆ, ವೈಲುವಾ ನದಿ ಹತ್ತಿರ ಇರೈವನ್ ಅನ್ನೋ ಶಿವನ ಗುಡಿಯಿದೆ. ಪ್ರತಿಷ್ಠೆ ಆಗಿದ್ದು 2023ರಲ್ಲಿ. ಅದರ ಕಲ್ಲುಗಳನ್ನು ಉಳಿಯಿಂದ ಕೆತ್ತಿದ್ದು ನಮ್ಮ ಬೆಂಗಳೂರಿನ ಹತ್ತಿರ!

ಕವಾಯಿಯಲ್ಲಿ ಪಶ್ಚಾತ್ತಾಪ ಪಟ್ಟಿದ್ದು ಒಂದೇ, ಹೋಟೆಲಿನ ಲುವಾವು, ಅಂದರೆ ಕುಣಿತದ ಜೊತೆಗಿನ ಹವಾಯಿ ಔತಣ. ಸಸ್ಯಾಹಾರಿಗಳಿಗೆ ಗೆಣಸು, ಅನ್ನ, ಪೋಯಿ. ಬೆಂಕಿ ಕತ್ತಿ ತಿರುಗಿಸುವ ಕುಣಿತಕ್ಕೆ ಜೋರು ಚಪ್ಪಾಳೆ ಬಿತ್ತು. ಅದು ಹವಾಯಿಯದ್ದಲ್ಲ, ಸಮೋವಾದ್ದು. ಸೊಂಟ ಗಿರಗಿರ ಆಡಿಸುವುದು ತಾಹಿತಿಯದ್ದು. ಯಕ್ಷಗಾನ, ಕಥಕ್ಕಳಿ, ಭಾಂಗ್ರಾ ಮೂರನ್ನೂ ಒಂದೇ ರಂಗಕ್ಕೆ ತಂದು "ಇದು ಕರ್ನಾಟಕ" ಅಂದ ಹಾಗೆ.

ಬಿಗ್ ಐಲ್ಯಾಂಡಿನಲ್ಲಿ ಆಗುಂಬೆ ನೆನಪಾಗಲೇ ಇಲ್ಲ. ಕೋನಾದಲ್ಲಿ ವಿಮಾನ ಇಳಿಯುವುದೇ ಕಪ್ಪು ಲಾವಾದ ನಡುವೆ. ಕಿಲವೇಯಾ ಜ್ವಾಲಾಮುಖಿ 2024ರ ಡಿಸೆಂಬರಿನಿಂದ ಬಿಟ್ಟು ಬಿಟ್ಟು ಚಿಮ್ಮುತ್ತಿದೆ. ಒಂದು ದಿನ ಕಾರಂಜಿ, ಆಮೇಲೆ ಎಷ್ಟೋ ದಿನ ಸುಮ್ನೆ. ನಾವು ಹೋದಾಗ ಸುಮ್ನೆ. ಬರೀ ಹೊಗೆ, ಗಂಧಕದ ವಾಸನೆ. ಆದರೂ ಹಲೆಮೌಮೌ ಕುಳಿಯ ಅಂಚಿನಲ್ಲಿ ನಿಂತಾಗ ಮೈ ಜುಮ್ಮೆಂದಿತು. ಅದು ಪೆಲೆ ದೇವಿಯ ಮನೆ ಎಂದೆ. ಅಮ್ಮ ಚಪ್ಪಲಿ ಬಿಟ್ಟು ಕೈ ಮುಗಿದಳು.

ಸಂಸ್ಕೃತಿ ಕಾಣಬೇಕಿದ್ದರೆ ಪಡುವಣ ದಂಡೆಯ ಹೋನೌನೌ ಎಂಬ ಹಳೆಯ ಆಶ್ರಯತಾಣ ಬಿಡಬೇಡಿ. ಹಿಂದೆ ಕಾಪು ಎಂಬ ಕಟ್ಟಳೆ ಮುರಿದವನಿಗೆ ಸಾವೇ ಶಿಕ್ಷೆ. ಓಡಿಯೋ ಈಜಿಯೋ ಇಲ್ಲಿಗೆ ಮುಟ್ಟಿದರೆ ಪೂಜಾರಿ ಶುದ್ಧಿ ಮಾಡಿ ಮನೆಗೆ ಕಳಿಸುತ್ತಿದ್ದರು. 1819ರಲ್ಲಿ ಕಾಪು ಪದ್ಧತಿಯೇ ಹೋಯಿತು. ಗಾರೆ ಇಲ್ಲದೆ ಪೇರಿಸಿದ ಆಳೆತ್ತರ ಮೀರಿದ ಕಲ್ಲುಗೋಡೆ ಈಗಲೂ ಇದೆ. ಹವಾಯಿಯ ನಿಜವಾದ ಕುಣಿತ ಹುಲಾ ನೋಡಬೇಕೆಂದರೆ ಈಸ್ಟರ್ ಭಾನುವಾರದಿಂದ ಶುರುವಾಗುವ ವಾರ ಹಿಲೋ ಊರಿಗೆ ಹೋಗಿ. 1964ರಿಂದ ನಡೆಯುವ ಮೆರಿ ಮೊನಾರ್ಕ್ ಉತ್ಸವ ಅಲ್ಲಿಯದು. ನಮಗೆ ಆ ಸಮಯ ಹೊಂದಲಿಲ್ಲ.

ಇಲ್ಲಿನ ತೊಂದರೆ ದೂರ. ಕೋನಾದಿಂದ ಜ್ವಾಲಾಮುಖಿಗೆ ಕಾರಿನಲ್ಲಿ ಎರಡು ಗಂಟೆಗಿಂತ ಜಾಸ್ತಿ. ನಾಲ್ಕೂ ರಾತ್ರಿ ಕೋನಾದಲ್ಲೇ ಉಳಿದು ಸೊಂಟ ನೋವು ತಂದುಕೊಂಡೆವು. ಎರಡು ರಾತ್ರಿ ಜ್ವಾಲಾಮುಖಿಗೆ ಹತ್ತಿರದ ಹಿಲೋ ಕಡೆ ಇಟ್ಟುಕೊಳ್ಳಿ.

ಒಂದೇ ದ್ವೀಪ ಅಂದರೆ ನನ್ನ ಮತ ಬಿಗ್ ಐಲ್ಯಾಂಡಿಗೆ. ಬಯಲುಸೀಮೆಯವರಾದರೆ ಕವಾಯಿಗೇ ಹೋಗಿ, ಮಳೆ ನೋಡಿ ಖುಷಿಯಾದೀತು. ಅಮ್ಮ ಆಗುಂಬೆ ಅಂತ ಗೊಣಗಿದರೂ ಅವಳ ಮತ ಮಾತ್ರ ಕವಾಯಿಗೆ. ಪತ್ರೊಡೆಗೆ ನಾಲ್ಕು ಎಲೆ ಕಿತ್ತು ತರೋಕೆ ಬಿಡಲಿಲ್ಲ ಅಂತ ಈಗಲೂ ನನ್ನ ಮೇಲೆ ಸಿಟ್ಟು.